ಮೂರನೆಯ ರಾಜ

"ಪೋಕರ್ ಅಂದ್ರೆ ಹೋಲ್ಡೆಮ್ ಆಟ ಒಂದೇ ಸಾಕು ಕಣ್ರೀ," ಎಂದರು ಚಾನೆಲ್ಲಿನ ಮುಖ್ಯಸ್ಥೆ. "ಜನಕ್ಕೆ ಅದು ಗೊತ್ತು. ನಿಮ್ಮ ಈ ಮಿಶ್ರ ಪೋಕರಲ್ಲಿ ಎಂಟು ಸುತ್ತಿಗೊಂದ್ಸಲ ಆಟಾನೇ ಬದಲಾಗತ್ತೆ. ಒಂದರಲ್ಲಿ ದೊಡ್ಡ ಇಸ್ಪೀಟೆಲೆ ಗೆಲ್ಲತ್ತೆ, ಇನ್ನೊಂದರಲ್ಲಿ ಚಿಕ್ಕದು. ನೋಡೋರ ತಲೆಗೆ ಹೋಗತ್ತಾ?"

"ಹೋಗೋ ಹಾಗೆ ಹೇಳೋಕೆ ನಾನಿದ್ದೀನಲ್ಲ ಮೇಡಂ."

"ಸರಿ, ಇವತ್ತಿನ ಫೈನಲ್ ಲೈವ್ ಹೋಗ್ಲಿ. ನಾನೂ ನೋಡ್ತೀನಿ. ನನಗೆ ಅರ್ಥ ಆಗ್ಲಿಲ್ಲ ಅಂದ್ರೆ ನಾಳೆಯಿಂದ ಬರೀ ಹೋಲ್ಡೆಮ್."

ಎರಡು ಗಂಟೆ ಕಾಮೆಂಟರಿಯಲ್ಲಿ ಬಾಯಿ ಒಣಗುವಷ್ಟು ವಿವರಿಸಿದೆ. ಕೊನೆಗೆ ಇಬ್ಬರೇ ಉಳಿದರು: ಗಡ್ಡದ ಯುವಕ, ಕನ್ನಡಕದ ಹೆಂಗಸು. ಯುವಕನ ಕೊನೆಯ ಬಿಲ್ಲೆಯೂ ಪಣದಲ್ಲಿತ್ತು. ಅವನು ಕಡೆಯ ಎಲೆಯ ಅಂಚೆತ್ತಿ ನೋಡಿದ. ಮೇಜಿನೊಳಗಿನ ಕ್ಯಾಮೆರಾ ಅದನ್ನು ನನಗೂ ತೋರಿಸಿತು. ಮೂರನೆಯ ರಾಜ! ಅವನ ಮುಖ ಬಾಡಿತು.

ನಾನು ಮೈಕಿನಲ್ಲಿ ಕಿರುಚಿದೆ. "ನಾಟಕ ನೋಡಿ ವೀಕ್ಷಕರೇ! ಮೂರು ಮೂರು ರಾಜರನ್ನ ಕೈಯಲ್ಲಿ ಇಟ್ಕೊಂಡು ಸೋತವನ ಹಾಗೆ ಕೂತಿದ್ದಾನೆ! ಆಯಮ್ಮನ ಹತ್ರ ಒಂದು ಜೋಡಿಯೂ ಇಲ್ಲ. ಮುಗೀತು, ಕಪ್ ಇವನದೇ!"

ಯುವಕ ಎದ್ದು ಆ ಹೆಂಗಸಿಗೆ ಕೈಮುಗಿದ. ಬಿಲ್ಲೆಗಳ ರಾಶಿ ಅವಳತ್ತ ಸರಿಯಿತು.

ನನ್ನ ಇಯರ್‌ಫೋನಿನಲ್ಲಿ ಮೇಡಂ ದನಿ ಮೆಲ್ಲಗೆ ಬಂತು. "ಈ ಸುತ್ತಲ್ಲಿ ಚಿಕ್ಕ ಎಲೆಯವರು ಗೆಲ್ಲೋದು ಅಂತ ಆಗ್ಲೇ ನೀವೇ ಹೇಳಿದ್ರಲ್ರೀ? ನನಗೆ ಎಲ್ಲಾ ಅರ್ಥ ಆಯ್ತು. ಆಟ ನಾಳೇನೂ ಇರತ್ತೆ. ನೀವು ಮೈಕ್ ಇಟ್ಟು ಬನ್ನಿ."