ಎಡಕ್ಕೆ ವಾಲಿದ ಹಕ್ಕಿ

ಮೇಡಂ ತನ್ನ ಮೇಜಿನ ಕಡೆಗೇ ಬರುತ್ತಿರುವುದನ್ನು ಕಂಡು ಕಿರಿಸೊಸೆ ಸೋರೆಬುರುಡೆಯನ್ನು ಮಡಿಲಿಗೆ ಎಳೆದುಕೊಂಡಳು. ಒಣಗಿದ ಬುರುಡೆಯ ಮೈಮೇಲೆ ಬಿಸಿ ಪೆನ್ನಿನಿಂದ ಗೆರೆ ಸುಟ್ಟು ಅವಳು ಮೂಡಿಸುತ್ತಿದ್ದ ಹಕ್ಕಿಗೆ ಇನ್ನೂ ಒಂದೇ ರೆಕ್ಕೆ ಬಂದಿತ್ತು. "ಕೊಡಿ ಇಲ್ಲಿ, ಚೂರು ತಿದ್ದಿ ಕೊಡ್ತೀನಿ" ಎಂದು ಮೇಡಂ ಕೈ ಚಾಚಿದರು.

ಚೂರು ತಿದ್ದುವುದೆಂದರೆ ಏನೆಂದು ಇಷ್ಟು ಹೊತ್ತಿಗೆ ಅವಳಿಗೆ ಗೊತ್ತಾಗಿತ್ತು. ಕಾರ್ಯಾಗಾರದ ಬಾಗಿಲಿಗೆ 'ನಿಮ್ಮ ಕೈಯಲ್ಲೇ ಅರಳಲಿ ಕಲೆ' ಎಂಬ ಬ್ಯಾನರ್ ಕಟ್ಟಿದ್ದರೂ ಒಳಗೆ ಅದು ಅರಳುತ್ತಿದ್ದದ್ದು ಮೇಡಂ ಕೈಯಲ್ಲಿ ಮಾತ್ರ. ಕಲಿಯಲು ಬಂದವರು ಬುರುಡೆಯ ಸಿಪ್ಪೆ ಕೆರೆದು, ಬೀಜ ತೆಗೆದು, ಮರಳುಕಾಗದದಿಂದ ಉಜ್ಜಿ ಮೂಗಿನ ತುಂಬ ಧೂಳು ತುಂಬಿಕೊಳ್ಳುವವರೆಗೆ ಅವರು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಯಾರಾದರೂ ಪೆನ್ನು ಹಿಡಿದು ಮೊದಲ ಗೆರೆ ಎಳೆದರೋ, ಪಕ್ಕದಲ್ಲಿ ಹಾಜರು. ತಿದ್ದಿ ಕೊಡುವಷ್ಟರಲ್ಲಿ ಹಕ್ಕಿ, ಕೊಂಬೆ, ಎಲೆ, ಒಳಗಿಡುವ ದೀಪದ ಬೆಳಕು ಸೂಸಲು ಕೊರೆಯುವ ತೂತುಗಳು ಎಲ್ಲವೂ ಮುಗಿದಿರುತ್ತಿದ್ದವು. ಬುರುಡೆಯ ಒಡತಿ ಎದೆಯ ಮೇಲೆ ಕೈಯಿಟ್ಟುಕೊಂಡು, ಇದನ್ನು ತಾನೇ ಮಾಡಿದೆನೆಂದರೆ ನಂಬಲಾಗುತ್ತಿಲ್ಲ ಎನ್ನುತ್ತಿದ್ದಳು. ನಂಬದೆ ಇದ್ದರೆ ಸರಿಯಾಗಿರುತ್ತಿತ್ತು, ಆದರೆ ಸ್ವಲ್ಪ ಹೊತ್ತಿಗೆ ನಂಬಿಬಿಡುತ್ತಿದ್ದಳು.

"ಇರ್ಲಿ ಮೇಡಂ, ನಾನೇ ಮಾಡ್ತೀನಿ" ಎಂದಳು ಕಿರಿಸೊಸೆ.

"ಎಡಗೈಲಿ ಹಿಡಿದ್ರೆ ಹಕ್ಕಿ ಹೀಗೇ ವಾಲೋದು. ಬಲಗೈ ಇಲ್ವೇನಮ್ಮಾ?"

"ಇದೆ ಮೇಡಂ. ಬುರುಡೆ ಹಿಡ್ಕೊಳ್ಳೋಕೆ."

ಪಕ್ಕದ ಕುರ್ಚಿಯಲ್ಲಿದ್ದ ವಾರಗಿತ್ತಿ, ಅಂದರೆ ಆ ಮನೆಯ ಹಿರಿಸೊಸೆ, ಅವಳನ್ನು ಮೊಣಕೈಯಿಂದ ತಿವಿದಳು. ಹಟ ಮಾಡಬೇಡ, ನನ್ನದು ನೋಡು, ಅರ್ಧ ಗಂಟೆಯಲ್ಲಿ ಮುಗಿಯಿತು ಎಂದು ಪಿಸುಗುಟ್ಟಿದಳು. ಮುಗಿದದ್ದೇನೋ ನಿಜ. ಆ ಅರ್ಧ ಗಂಟೆಯೂ ಅವಳು ವರಾಂಡದಲ್ಲಿ ಫೋನಿನಲ್ಲಿ ಹರಟುತ್ತಿದ್ದಳು.

ಮನೆಯ ಹಜಾರದ ಗಾಜಿನ ಕಪಾಟಿನಲ್ಲಿ ಒಂದೇ ಒಂದು ಖಾನೆ ಖಾಲಿ ಉಳಿದಿತ್ತು. ಮಿಕ್ಕ ಖಾನೆಗಳನ್ನೆಲ್ಲ ಹಿರಿಸೊಸೆ ಇಂಥದೇ ತರಬೇತಿಗಳಿಂದ ತಂದ ಮಣಿಯ ಬುಟ್ಟಿ, ಮೇಣದ ಹೂವುಗಳಿಂದ ತುಂಬಿಯಾಗಿತ್ತು. ಇಬ್ಬರದರಲ್ಲಿ ಯಾವುದು ಚೆನ್ನಾಗಿದೆಯೋ ಅದು ಈ ಖಾನೆಗೆ ಎಂದು ಅತ್ತೆ ಮೊದಲೇ ತೀರ್ಪು ಕೊಟ್ಟಿದ್ದರು. ಕಿರಿಸೊಸೆಯ ಕೈಗೆಲಸವೆಂದು ಆ ಮನೆಯಲ್ಲಿದ್ದದ್ದು ಅವಳು ಹೊಲಿದ ದಿಂಬಿನ ಕವರುಗಳು ಮಾತ್ರ. ಹೊಲಿಗೆ ಎಡಕ್ಕೆ ವಾಲಿಕೊಂಡು ಹೋಗುತ್ತದೆ, ಬಂದವರು ನೋಡಿದರೆ ನಗುತ್ತಾರೆ ಎಂದು ಅತ್ತೆ ಅವನ್ನೆಲ್ಲ ಬಾಚಿಕೊಂಡು ಒಳಕ್ಕೆ ಸಾಗಿಸಿದ್ದರು. ಆವತ್ತಿನಿಂದ ಅವಳಿಗೆ ಆ ಖಾನೆಯ ಮೇಲೆ ಕಣ್ಣು. ಬುರುಡೆಯನ್ನು ಮೇಡಂಗೆ ಒಪ್ಪಿಸಿದ್ದರೆ ಅದು ಸಲೀಸಾಗಿ ಸಿಗುತ್ತಿತ್ತೇನೋ. ಆದರೆ ಚಿಕ್ಕಂದಿನಲ್ಲಿ ಸೀಸದಕಡ್ಡಿ, ಆಮೇಲೆ ಸೌಟು, ಸೂಜಿ, ಹೀಗೆ ಅವಳ ಎಡಗೈಯಿಂದ ಕಂಡಕಂಡವರೆಲ್ಲ ಕಿತ್ತುಕೊಂಡದ್ದು ಸಾಕಾಗಿತ್ತು. ಇದೊಂದನ್ನು ಅವಳು ಕೊಡಲಿಲ್ಲ.

ಕೊನೆಯ ದಿನ ಪ್ರದರ್ಶನ. ಮೇಡಂ ಬುರುಡೆಗಳನ್ನೆಲ್ಲ ಒಟ್ಟುಮಾಡಿ ವಾರ್ನಿಷ್ ಬಳಿದು, ಒಳಗೆ ಬಲ್ಬು ಹೊತ್ತಿಸಿ, ಉದ್ದನೆಯ ಮೇಜಿನ ಮೇಲೆ ಸಾಲಾಗಿ ಕೂರಿಸಿದ್ದರು. ಎಲ್ಲವೂ ಒಂದೇ ಅಳತೆಯ ಅಚ್ಚಿನೊಳಗೆ ಬೆಳೆಸಿ ತರಿಸಿದ ಕಾಯಿಗಳು. ಕೊಂಬೆ ಅದೇ, ಎಲೆ ಅದೇ, ಒಂದೇ ತಾಯಿಯ ಮರಿಗಳ ಹಾಗೆ ಹಕ್ಕಿಗಳೆಲ್ಲ ಬಲಕ್ಕೇ ನೋಡುತ್ತಿದ್ದವು. ಕಿರಿಸೊಸೆಯ ಎಡಕ್ಕೆ ವಾಲಿದ ಹಕ್ಕಿ ಮಾತ್ರ ಮೇಜಿನ ತುದಿಯಲ್ಲಿ, ಹೂಕುಂಡದ ಅರೆಮರೆಯಲ್ಲಿತ್ತು. ಯಾಕೆ ಮೇಡಂ ಎಂದು ಕೇಳಿದ್ದಕ್ಕೆ, ಅದನ್ನು ನೋಡಿದರೆ ಇಲ್ಲಿ ಕಲಿತು ಮಾಡಿದ್ದೆಂದು ಯಾರಿಗೂ ಅನ್ನಿಸುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದರು. ಅವಳಿಗೆ ಬೇಜಾರಾಯಿತು. ಅಳು ತಡೆದುಕೊಂಡು ಗೋಡೆಗೆ ಒರಗಿ ನಿಂತಳು.

ಅಷ್ಟರಲ್ಲಿ ಅತ್ತೆ ಬಂದರು. ಮೇಜಿನ ಹತ್ತಿರಕ್ಕೂ ಹೋಗದೆ ಬಾಗಿಲಲ್ಲೇ ನಿಂತು ಚೀಲದಿಂದ ಕನ್ನಡಕ ತೆಗೆದು ಏರಿಸಿಕೊಂಡು ಸಾಲಿನುದ್ದಕ್ಕೂ ಒಮ್ಮೆ ಕಣ್ಣಾಡಿಸಿದರು. ಆಮೇಲೆ ನೇರವಾಗಿ ಹೂಕುಂಡದ ಕಡೆ ಕೈ ತೋರಿಸಿದರು.

"ಅದು ನಮ್ಮ ಚಿಕ್ಕವಳದು."

ಮೇಡಂಗೆ ಆಶ್ಚರ್ಯವಾಯಿತು. "ಅಷ್ಟು ದೂರದಿಂದ ಹೇಗೆ ಗೊತ್ತಾಯ್ತು?"

"ಗೊತ್ತಾಗದೆ ಏನು? ಅದೇ ಸೊಟ್ಟ ಹೊಲಿಗೆ ಮೇಲೆ ತಲೆ ಇಟ್ಟು ದಿನಾ ಮಲಗ್ತೀನಲ್ಲ" ಎಂದರು ಅತ್ತೆ. ಕವರುಗಳು ಹೋಗಿ ಸೇರಿದ್ದು ಯಾರ ಮಂಚಕ್ಕೆಂದು ಕಿರಿಸೊಸೆಗೆ ಗೊತ್ತಾದದ್ದು ಆಗಲೇ. ಅಷ್ಟು ಹೊತ್ತು ತಡೆದಿಟ್ಟುಕೊಂಡಿದ್ದ ಅಳು ಈಗ ಬಂದೇಬಿಟ್ಟಿತು.

ಅತ್ತೆ ಅದನ್ನು ಗಮನಿಸದವರಂತೆ ಹಿರಿಸೊಸೆಯ ಕಡೆ ತಿರುಗಿದರು. "ಖಾನೆಗೆ ಯಾವ್ದು ಅಂತ ಆಮೇಲೆ ನೋಡೋಣ. ಮೊದಲು ನಿಂದು ಯಾವ್ದು ತೋರ್ಸಮ್ಮಾ."

ಹಿರಿಸೊಸೆಯ ತೋರುಬೆರಳು ಮೇಲೆದ್ದಿತು. ಸಾಲಿನ ಆ ತುದಿಯವರೆಗೆ ನಿಧಾನವಾಗಿ ಹೋಯಿತು, ಅಷ್ಟೇ ನಿಧಾನವಾಗಿ ವಾಪಸು ಬಂತು. ಅವಳು ಮೇಡಂ ಮುಖ ನೋಡಿದಳು. ಮೇಡಂ ಬುರುಡೆಗಳ ಮುಖ ನೋಡುತ್ತಿದ್ದರು.