ಎಡಗಾಲಿಗೊಂದು, ಬಲಗಾಲಿಗೊಂದು

ತಾಯಿಗೆ ಮೊದಲು ಕಂಡದ್ದು ಆ ಹೆಂಗಸಿನ ಮುಖವಲ್ಲ, ಪಾದ. ಚಪ್ಪಲಿ ಅಂಗಡಿಗಳಲ್ಲಿ ನೆಲಕ್ಕೆ ತಾಗಿಕೊಂಡು, ಮೊಣಕಾಲೆತ್ತರಕ್ಕೆ, ಹಿಂದಕ್ಕೆ ವಾಲಿಸಿದ ಕನ್ನಡಿ ಇರುತ್ತದಲ್ಲ, ಅದರಲ್ಲಿ. ಎಡಗಾಲಲ್ಲಿ ಎತ್ತರದ ಹಿಮ್ಮಡಿಯ ಕೆಂಪು ಚಪ್ಪಲಿ, ಅದು ಅವಳದ್ದೇ. ಬಲಗಾಲಲ್ಲಿ ಅಳತೆ ನೋಡಲು ಹಾಕಿಕೊಂಡಿದ್ದ ಅಂಗಡಿಯ ಹೊಸ ಚಪ್ಪಲಿ: ಕಪ್ಪು, ಚಪ್ಪಟೆ, ಯಾವ ಒನಪೂ ಇಲ್ಲದ್ದು. ಅಂಥದ್ದನ್ನು ಮೆಟ್ಟುವವರು ಒಂದೋ ಸೊಂಟನೋವಿನವರು, ಇಲ್ಲವೇ ಮೇಷ್ಟ್ರ ಹೆಂಡಂದಿರು.

"ಇವಳೇ ಅಮ್ಮಾ," ಮಗ ಪಿಸುಗುಟ್ಟಿದ.

ಮಗ ಶಾಲೆಯ ಮೇಷ್ಟ್ರು. ಅವಳು ಹಸಿರು ಕಿಟಕಿಗಳ ಮನೆಯವಳು. ಊರಿನ ದೊಡ್ಡ ಮನುಷ್ಯರು ಸಂಜೆ ದುಡ್ಡು ಕೊಟ್ಟು ಒಳಗೆ ಹೋಗಿ, ಬೆಳಗಿನ ಜಾವ ಸುತ್ತುದಾರಿ ಹಿಡಿದು ಹೆಂಡತಿ ಮಕ್ಕಳನ್ನು ಸೇರಿಕೊಳ್ಳುವಂಥ ಮನೆ ಅದು. ಅಲ್ಲಿನ ಹೆಂಗಸರಿಗೆ ಒಂದು ಕಟ್ಟಳೆಯಿತ್ತು: ಹೊಸ್ತಿಲಾಚೆ ಯಾವ ಗಂಡಸಿನ ಗುರುತೂ ಇರಕೂಡದು. ಗುರುತು ಹಿಡಿದು ಮಾತಾಡಿಸಿದವಳಿಗೆ ಆ ಮನೆಯಲ್ಲಿ ಮತ್ತೆ ಜಾಗವಿಲ್ಲ. ಇದು ಗೊತ್ತಿದ್ದೇ ತಾಯಿ ಷರತ್ತು ಹಾಕಿದ್ದಳು. "ಹಾಡಹಗಲಲ್ಲಿ, ನಾಲ್ಕು ಜನರ ಮುಂದೆ, ಅವಳು ನಿನ್ನನ್ನ ಮಾತಾಡಿಸಲಿ ಕಣೋ. ಆವತ್ತೇ ಅವಳು ನನ್ನ ಸೊಸೆ." ಅಂಥ ರೇಷ್ಮೆ ಬದುಕನ್ನು ಬಿಟ್ಟು ಯಾರು ಬಂದಾರು ಎಂಬುದು ತಾಯಿಯ ಲೆಕ್ಕಾಚಾರ. ಮಗ ಹೋಗಿ ಹೇಳಿದ. ಅವಳು ಆಗಲಿ ಅಂದಳಂತೆ.

ನಾಲ್ಕು ಜನರಿಗೇನೂ ಬರವಿರಲಿಲ್ಲ. ಶಾಲೆ ಶುರುವಾಗುವ ವಾರ. ಮಕ್ಕಳಿಗೆ ಬೂಟು ಕೊಡಿಸಲು ಬಂದ ಹೆಂಗಸರಿಂದ ಅಂಗಡಿ ಗಿಜಿಗುಡುತ್ತಿತ್ತು. "ಚೆನ್ನಾಗಿದ್ದೀರಾ ಮೇಷ್ಟ್ರೇ?" ಎಂದು ನಗುನಗುತ್ತಾ ಕೇಳಿದವರೆಲ್ಲ ಕೆಂಪು ಚಪ್ಪಲಿಯವಳ ಕಡೆಗೆ ಮಾತ್ರ ಬೆನ್ನು ತಿರುಗಿಸಿ, ತಮ್ಮ ಮಕ್ಕಳನ್ನು ಹತ್ತಿರಕ್ಕೆಳೆದುಕೊಂಡು ಕೂತಿದ್ದರು. ತಾಯಿ ಅವರನ್ನೆಲ್ಲ ನೋಡಿದಳು. ಇವಳು ಈಗ ಹೂಂ ಅಂದರೆ ನಾಳೆ ಇವರಲ್ಲಿ ಒಬ್ಬರಾದರೂ ಮಗನ ತರಗತಿಗೆ ಮಕ್ಕಳನ್ನು ಕಳಿಸುತ್ತಾರೆಯೇ? ಷರತ್ತು ಹಾಕುವಾಗ ಇದು ಹೊಳೆದೇ ಇರಲಿಲ್ಲ. ಕನ್ನಡಿಯಲ್ಲಿ ಆ ಚಪ್ಪಟೆ ಚಪ್ಪಲಿ ಇನ್ನೊಮ್ಮೆ ಕಂಡಿತು. ಹಸಿರು ಕಿಟಕಿಯ ಮನೆಯಲ್ಲಿ ಇದಕ್ಕೇನು ಕೆಲಸ? ಹುಡುಗಿ ಹೂಂ ಅನ್ನಲೆಂದೇ ಬಂದಿದ್ದಾಳೆ.

ಮಗ ಆಗಲೇ ಎದ್ದು ಅವಳ ಮುಂದೆ ಹೋಗಿ ನಿಂತಿದ್ದ. ತಾಯಿಗೆ ತಾನೂ ಎದ್ದದ್ದು, ಅವನ ಅಂಗಿತೋಳನ್ನು ಮುಷ್ಟಿಯಲ್ಲಿ ಹಿಡಿದದ್ದು ಯಾವುದೂ ಗೊತ್ತಾಗಲಿಲ್ಲ. ಚಿಕ್ಕವನಿದ್ದಾಗ ಬೀದಿಗೆ ಓಡುತ್ತಿದ್ದವನನ್ನು ಹೀಗೇ ಹಿಡಿಯುತ್ತಿದ್ದಳು.

"ನೋಡಿಲ್ಲಿ," ಮಗ ಎಲ್ಲರಿಗೂ ಕೇಳುವ ಹಾಗೆ ಅಂದ, "ನಮ್ಮಮ್ಮ ಬಂದಿದ್ದಾರೆ."

ಅಂಗಡಿಯ ಗಲಾಟೆ ನಿಂತುಬಿಟ್ಟಿತು. ಅವಳು ತಲೆಯೆತ್ತಿ ಅವನನ್ನು ನೋಡಿದಳು. ನಗು ಇನ್ನೇನು ತುಟಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಕಣ್ಣು ಅವನ ತೋಳಿಗೆ ಇಳಿದು, ತಾಯಿಯ ಬೆರಳುಗಳ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಅವಳು ನಿಧಾನವಾಗಿ ಎದ್ದಳು.

"ಯಾರು ಬೇಕಿತ್ತು ತಮಗೆ?"

"ಇದೇನು ಹೀಗಂತೀಯ? ನಾನು..."

"ಯಾರನ್ನೋ ಅಂದ್ಕೊಂಡು ನನ್ನನ್ನ ಮಾತಾಡಿಸ್ತಿದ್ದೀರಿ. ನಿಮ್ಮನ್ನ ನಾನು ನೋಡ್ತಿರೋದೇ ಇವತ್ತು." ಅವಳು ತಾಯಿಯ ಕಡೆ ತಿರುಗಿದಳು. "ಮನೆಗೆ ಕರ್ಕೊಂಡು ಹೋಗಿ ಅಮ್ಮಾ. ಪಾಪ, ಬಿಸಿಲು ತಲೆಗೆ ಏರಿರ್ಬೇಕು."

ಯಾರೋ ಕಿಸಕ್ಕೆಂದರು. ಆ ನಗುವಿನ ನಡುವೆಯೇ ಅವಳು ಬಾಗಿಲ ಕಡೆ ಹೊರಟಳು.

ಮಗ ಅವಳ ಮುಖವನ್ನು ನೋಡುತ್ತಿದ್ದ. ತಾಯಿ ಕನ್ನಡಿಯನ್ನು ನೋಡುತ್ತಿದ್ದಳು. ಎಡಗಾಲಲ್ಲಿ ಎತ್ತರದ ಕೆಂಪು, ಬಲಗಾಲಲ್ಲಿ ಚಪ್ಪಟೆ ಕಪ್ಪು. ಬಿಚ್ಚಿಟ್ಟ ಇನ್ನೊಂದು ಕೆಂಪು ಚಪ್ಪಲಿ ಬೆಂಚಿನಡಿಯಲ್ಲೇ ಉಳಿದಿತ್ತು. ಅವಳು ಕುಂಟಬೇಕಿತ್ತು. ಕುಂಟಲಿಲ್ಲ. ಚಪ್ಪಟೆ ಚಪ್ಪಲಿಯ ಕಾಲನ್ನು ತುದಿಬೆರಳ ಮೇಲೆ ಎತ್ತಿ, ಆ ಹಿಮ್ಮಡಿಯನ್ನು ಈ ಹಿಮ್ಮಡಿಯ ಎತ್ತರಕ್ಕೇ ಹಿಡಿದು, ಮಹಾರಾಣಿಯಂತೆ ನಡೆದಳು. ಕಾಲಲ್ಲಿರುವುದು ಜೋಡಿಯಲ್ಲವೆಂದು ಅವಳಿಗೆ ಗೊತ್ತಿತ್ತು. ಚಪ್ಪಲಿಗೆಂದು ಒಂದು ಸಲ ತಿರುಗಿ ಬಂದರೆ ಆಡಿದ ಮಾತು ನಿಲ್ಲುವುದಿಲ್ಲವೆಂದೂ ಗೊತ್ತಿತ್ತು. ಹಾಗೇ ಮೆಟ್ಟಿಲಿಳಿದಳು, ಹಾಗೇ ಬೀದಿಯುದ್ದಕ್ಕೂ ಹೋದಳು, ಹೆಗಲು ಒಂದಿಷ್ಟೂ ವಾಲಲಿಲ್ಲ. ಬೈಯಲೆಂದು ಬಂದ ತಾಯಿಗೆ ಕೈಮುಗಿಯಬೇಕು ಅನ್ನಿಸಿತು.

"ನೋಡಿದೆಯಾ ಅಮ್ಮಾ?" ಮಗ ಬೀದಿಯ ಕಡೆಯೇ ನೋಡುತ್ತಾ ಅಂದ. "ಕಣ್ಣು ಕೂಡ ಮಿಟುಕಿಸಲಿಲ್ಲ. ಹಾಗಾದ್ರೆ ಎಲ್ಲಾ ಬರೀ ನಾಟಕ."

ಒಂದು ಮಾತು ಸಾಕಿತ್ತು, ಅವನು ಅವಳ ಹಿಂದೆ ಓಡಿಬಿಡುತ್ತಿದ್ದ. ಮಾತು ತಾಯಿಯ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅದನ್ನು ನುಂಗಿಕೊಂಡಳು.

"ಹೊರಗೆ ನಿಂತಿರು. ನಂದೊಂದು ಕೆಲಸ ಇದೆ."

ಇನ್ನೊಂದು ಅಳತೆ ಹುಡುಕಲು ಒಳಗೆ ಹೋಗಿದ್ದ ಅಂಗಡಿಯವನು ಆಗ ಹೊರಬಂದ. ಬೆಂಚಿನ ಮೇಲಿನ ಡಬ್ಬದಲ್ಲಿ ಕಪ್ಪು ಚಪ್ಪಲಿ ಒಂದೇ ಇತ್ತು. "ಅಯ್ಯೋ! ಇನ್ನೊಂದೆಲ್ಲಿ?"

"ಕೂಗಬೇಡಿ. ದುಡ್ಡು ನಾನು ಕೊಡ್ತೀನಿ." ತಾಯಿ ಬಗ್ಗಿ ಬೆಂಚಿನಡಿಯಿಂದ ಕೆಂಪು ಚಪ್ಪಲಿಯನ್ನು ತೆಗೆದಳು. ಒಳಗೆ ಇನ್ನೂ ಕಾಲಿನ ಬಿಸಿ ಆರಿರಲಿಲ್ಲ. ಅದನ್ನು ಸೆರಗಿನಿಂದ ಒರೆಸಿ ಆ ಒಂಟಿ ಕಪ್ಪು ಚಪ್ಪಲಿಯ ಪಕ್ಕದಲ್ಲಿಟ್ಟಳು.

ಅಂಗಡಿಯವನು ಡಬ್ಬವನ್ನೂ ಅವಳನ್ನೂ ಮಿಕಿಮಿಕಿ ನೋಡಿದ. "ಒಂದು ಎತ್ತರ, ಒಂದು ತಗ್ಗು. ಇದನ್ನ ಹಾಕ್ಕೊಂಡು ಯಾರಾದ್ರೂ ನಡೀತಾರಾ ಅಮ್ಮಾ?"

"ನಡೀತಾರೆ," ಅಂದಳು ತಾಯಿ. "ಕಟ್ಟಿಕೊಡಿ."