ಪಾಲಾದ ಪಗಡೆ

ಪಾರ್ವತಿಯೊಡನೆ ಪಗಡೆಯಾಡಿ, ಸೋತೂ ಮುಗುಳುನಗುವ ಪರಶಿವನಿಗೆ ನಮಸ್ಕಾರ.

ಹುಣಸೆಬೀಜದ ಅಂಟು ಸವರಿದ ಕಂಬಳಿಯ ತುಂಡನ್ನು ಮುದ್ದಣ್ಣ ಅಂಗಳದಲ್ಲಿ ಕೂತು ಹಲಸಿನ ಮರದ ಪೆಟ್ಟಿಗೆಯ ಮೂರನೆಯ ಗೂಡಿಗೆ ಒತ್ತುತ್ತಿದ್ದಾಗ, ಕಂದಿಕೆರೆಯ ತೆಂಗಿನ ಗರಿಗಳ ಮೇಲೆ ಸಂಜೆಯ ಹೊಂಬಿಸಿಲು ತೂಕಡಿಸುತ್ತಿತ್ತು. ಪಗಡೆಯ ಕಾಯಿಗಳ ಬಣ್ಣ ಉದುರದಿರಲೆಂದು ಮಾಡಿದ ಪೆಟ್ಟಿಗೆಗೆ ನಾಲ್ಕು ಗೂಡು. ಅವನಲ್ಲಿದ್ದದ್ದು ಕಪ್ಪು ಮತ್ತು ಹಳದಿ ಕಾಯಿಗಳು ಮಾತ್ರ. ಅಣ್ಣತಮ್ಮಂದಿರು ಪಾಲಾದ ದಿನ ತೋಟ, ಕುರಿಗಳೊಂದಿಗೆ ತಂದೆಯ ಪಗಡೆಯನ್ನೂ ಹಂಚಿಕೊಂಡಿದ್ದರು. ಕೆಂಪು, ಹಸಿರು ತಮ್ಮ ಜುಂಜಣ್ಣನಿಗೆ ಹೋದವು. ಜೋಡಿ ದಾಳವೂ ಒಂದೊಂದಾಗಿ ಅಗಲಿತು. ಅಂದಿನಿಂದ ಎರಡು ಮನೆಯಲ್ಲೂ ಆಟವಿಲ್ಲ, ಇಬ್ಬರ ನಡುವೆ ಮಾತೂ ಇಲ್ಲ.

“ಇಲ್ದಿರೋ ಕಾಯ್ಗೆ ಹಾಸ್ಗೆ ಹಾಸ್ತಾ ಕುಂತಿದ್ದೀರಲ್ಲ, ಏನ್ ಕನ್ಸು ಕಾಣ್ತಿದ್ದೀರಾ?” ಎಂದಳು ಹೆಂಡತಿ ಕಾಳಕ್ಕ. ಬರಿದಾದ ಆ ಗೂಡುಗಳಲ್ಲಿ ಕೆಂಪು, ಹಸಿರು ಕಾಯಿಗಳು ಮಲಗಿ ಮೆಲ್ಲಗೆ ಉಸಿರಾಡುತ್ತಿರುವಂತೆ ಮುದ್ದಣ್ಣನಿಗೆ ತೋರುತ್ತಿತ್ತು. ಅವುಗಳಿಗೆಂದೇ ತಾನು ಹೊದೆಯುವ ಕಂಬಳಿಯ ಸವೆದು ಮೆತ್ತಗಾದ ಅಂಚನ್ನು ಕತ್ತರಿಸಿದ್ದ.

ಹೆಗಲಿಗೆ ಟ್ರಾನ್ಸಿಸ್ಟರ್ ತೂಗುಹಾಕಿಕೊಂಡು ಬೇಲಿಯಾಚೆ ಹೋಗುತ್ತಿದ್ದ ಜುಂಜಣ್ಣ ಅತ್ತಿಗೆಯ ಮಾತು ಕಿವಿಗೆ ಬಿದ್ದು ಅದನ್ನು ಆರಿಸಿ ನಿಂತ. ಒಳಬಂದು, ಯಾರ ಮುಖವನ್ನೂ ನೋಡದೆ, ಬರಿಯ ಗೂಡಿನೊಳಗೆ ಹೆಬ್ಬೆರಳು ಊರಿದ. ಬಹಳ ಹೊತ್ತು ತೆಗೆಯಲಿಲ್ಲ.

“ಇನ್ನೊಂದ್ ಪದ್ರ ಹಾಕಣ್ಣ,” ಎಂದ. “ನನ್ ಕೆಂಪು ಕಾಯಿ ನಿನ್ನಂಗೆ ಒರಟಲ್ಲ.”

“ಮೊದ್ಲು ತಂದು ಮಲಗ್ಸಿ ನೋಡ್ಲಾ,” ಎಂದ ಮುದ್ದಣ್ಣ, ಕತ್ತರಿಗಾಗಿ ತಡಕಾಡುತ್ತ.

ಈ ಕಥೆಗೆ ಕಿವಿಗೊಟ್ಟ ಸಕಲರ ಮನೆಗಳಲ್ಲಿಯೂ ಒಡಹುಟ್ಟಿದವರ ಮಾತು ಬತ್ತದಿರಲಿ, ಸರ್ವರಿಗೂ ಮಂಗಳವಾಗಲಿ.